ಕಾಂಪೋಸ್ಟಾ, ಸರ್ಕಾರಿ (ರಾಸಾಯನಿಕ) ಗೊಬ್ಬರವಾ? ನನ್ನ ಟೊಮೆಟೊ ಎರಡಕ್ಕೂ ಸೊರಗಿತು

ಮೂರನೇ ಮಹಡಿ (ಬೆಂಗಳೂರು)

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ತಾರಸಿಯಲ್ಲಿ ಹದಿನಾಲ್ಕು ಗ್ರೋ ಬ್ಯಾಗ್ ಇವೆ, ಒಂದೊಂದೂ 20 ಲೀಟರಿನದು. ಟೊಮೆಟೊ, ಬದನೆ, ಹಸಿಮೆಣಸಿನಕಾಯಿ, ಒಂದು ಕರಿಬೇವು. ಮೂಲೆಯಲ್ಲೊಂದು ದೊಡ್ಡಪತ್ರೆ. ಅದಕ್ಕೆ ನಾನು ಏನೂ ಮಾಡಿಲ್ಲ, ಅದೊಂದೇ ಚೆನ್ನಾಗಿದೆ.

ಅಡುಗೆಮನೆ ಕಸದಿಂದ ನಾನೇ ಕಾಂಪೋಸ್ಟ್ ಮಾಡುತ್ತೇನೆ. ಮೂರು ಅಂತಸ್ತಿನ ಮಣ್ಣಿನ ಮಡಕೆ ಇದೆ. ಕಸ ಹಾಕಿದಾಗೆಲ್ಲ ಮೇಲೆ ಎರಡು ಹಿಡಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಉದುರಿಸುತ್ತೇನೆ. ಎರಡು ತಿಂಗಳಿಗೆ ಕಪ್ಪಗಾಯಿತು, ಖುಷಿಯಾಯಿತು. ಅದನ್ನು ಅರ್ಧಕ್ಕರ್ಧ ಕೊಕೊಪೀಟ್ ಜತೆ ಬೆರೆಸಿ ನಾಲ್ಕು ಟೊಮೆಟೊ ಸಸಿ ನೆಟ್ಟೆ. ಮೂರು ವಾರದಲ್ಲಿ ಕೆಳಗಿನ ಎಲೆಗಳು ಹಳದಿ. ಗಿಡ ಗೇಣುದ್ದಕ್ಕೆ ನಿಂತುಬಿಟ್ಟಿತು.

ಹತ್ತಿರದ ನರ್ಸರಿಗೆ ಹೋಗಿ ಕೇಳಿದೆ. "ಕಾಂಪೋಸ್ಟ್ ಎಲ್ಲಾ ಸುಮ್ನೆ ಮೇಡಂ, ಇದನ್ನ ಎರಡು ಚಮಚ ಬುಡಕ್ಕೆ ಹಾಕಿ" ಅಂತ ಒಂದು ಕವರ್ ಕೊಟ್ಟರು. ಕಂದು ಬಣ್ಣದ ಕಾಳು. ಹೆಸರಿಲ್ಲ, ಚೀಟಿ ಇಲ್ಲ. ಎರಡು ಗಿಡಕ್ಕೆ ಹಾಕಿದೆ. ನಾಲ್ಕನೇ ದಿನಕ್ಕೆ ಎಲೆಯ ಅಂಚು ಸುಟ್ಟ ಹಪ್ಪಳದ ಹಾಗೆ ಆಗಿದೆ.

ನಮ್ಮತ್ತೆ ಹೇಳುವುದು, ಊರಲ್ಲಿ ತಿಪ್ಪೆ ಗೊಬ್ಬರ ಬಿಟ್ಟು ಬೇರೆ ಏನು ಹಾಕಿದ್ದೆವು ಅಂತ. ಯಜಮಾನರು ಹೇಳುವುದು, ಇಷ್ಟು ಖರ್ಚಲ್ಲಿ ಒಂದು ಕ್ರೇಟ್ ಟೊಮೆಟೊ ಬರುತ್ತಿತ್ತು ಅಂತ. ನಾನು ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ತಿಪ್ಪೆರಾಣಿ (ತುಮಕೂರು)

ಅಕ್ಕಾ, ಮೊದಲು ಆ ಕವರನ್ನು ದೂರ ಇಡಿ. ಮನೆ ಮಂದಿ ತಿನ್ನುವುದಕ್ಕೆ ಬೆಳೆಯುತ್ತಿದ್ದೀರಿ, ಸಂತೆಗೆ ಅಲ್ಲ. ಕೆಮಿಕಲ್ ಹಾಕುವುದಾದರೆ ಅಂಗಡಿ ಟೊಮೆಟೊನೇ ಸಾಕಲ್ವಾ?

ಜೀವಾಮೃತ ಮಾಡಿ. ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನಿಮಗೆ ಅದರ ಹತ್ತರಲ್ಲಿ ಒಂದು ಪಾಲು ಮಾಡಿದರೂ ಮಿಗುತ್ತದೆ.

ಮೂರನೇ ಮಹಡಿ

ಹೋದ ವರ್ಷ ಮಾಡಿದ್ದೆ. ಎರಡನೇ ಮಹಡಿಯವರು ಡ್ರೈನೇಜ್ ಒಡೆದಿದೆ ಅಂತ ಪ್ಲಂಬರ್ ಕರೆಸಿದ್ದರು. ಮತ್ತೆ ಆ ಧೈರ್ಯ ಇಲ್ಲ.

ರಸಾಯನ ಮೇಷ್ಟ್ರು (ಮೈಸೂರು)

ಎರಡು ಬೇರೆ ಬೇರೆ ಕಾಯಿಲೆ ಇವೆ. ನೀವು ಒಂದೇ ಅಂದುಕೊಂಡಿದ್ದೀರಿ.

ಮೊದಲನೆಯದು ಹಳದಿ. ಕೆಳಗಿನ ಹಳೆ ಎಲೆಯಿಂದ ಶುರುವಾಗಿ ಇಡೀ ಎಲೆ ಬಿಳಚಿಕೊಂಡರೆ ಸಾಮಾನ್ಯವಾಗಿ ಸಾರಜನಕ ಸಾಲದು ಅಂತ ಅರ್ಥ. ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತಿರುತ್ತದೆ. ಮೇಲಿನ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇದು ಜಾಸ್ತಿ. ನಿಮ್ಮದು ಮೊದಲನೆಯ ಜಾತಿ.

ಕಾಂಪೋಸ್ಟ್ ಹಾಕಿಯೂ ಸಾರಜನಕ ಹೇಗೆ ಸಾಲದೆ ಹೋಯಿತು? ಅದು ಪೂರ್ತಿ ಕಳಿತಿರಲಿಲ್ಲ. ಕಪ್ಪಗಾದದ್ದೆಲ್ಲ ಕಾಂಪೋಸ್ಟ್ ಅಲ್ಲ. ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಅನ್ನ ಇದ್ದ ಹಾಗೆ, ಸಾರಜನಕ ಸಾರು ಇದ್ದ ಹಾಗೆ. ಸುಮಾರು 25–30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಊಟ ಸರಿಹೋಗುತ್ತದೆ. ಕೊಕೊಪೀಟಿನಲ್ಲಿ ಇಂಗಾಲ ನೂರಕ್ಕೂ ಹೆಚ್ಚು ಪಾಲು. ನೀವು ಮಡಕೆಗೂ ಅದನ್ನೇ ಹಾಕಿದಿರಿ, ಬ್ಯಾಗಿಗೂ ಅರ್ಧ ಅದನ್ನೇ ತುಂಬಿದಿರಿ. ಅನ್ನ ರಾಶಿ, ಸಾರು ಒಂದೇ ಸೌಟು. ಇದ್ದ ಸಾರನ್ನು ಆ ಜೀವಿಗಳೇ ಕುಡಿದುಬಿಟ್ಟವು. ಗಿಡಕ್ಕೆ ಒಣ ಅನ್ನ.

ಎರಡನೆಯದು ಸುಟ್ಟದ್ದು. ಅದು ವಿಷವಲ್ಲ, ಉಪ್ಪು. ಉಪ್ಪಿನಕಾಯಿ ಹಾಕುವಾಗ ಮಾವಿನಕಾಯಿ ನೀರು ಬಿಡುತ್ತದಲ್ಲ, ಬೇರಿಗೆ ಆದದ್ದೂ ಅದೇ. ಮೇಲೆ ಉಳಿದ ಕಾಳುಗಳನ್ನು ಕೆರೆದು ತೆಗೆಯಿರಿ. ತಳದ ತೂತು ತೆರೆದಿದೆಯಾ ನೋಡಿ, ಬ್ಯಾಗಿನ ಅಳತೆಯ ಎರಡು ಮೂರು ಪಟ್ಟು ನೀರನ್ನು ನಿಧಾನಕ್ಕೆ ಹಾಕಿ ಹರಿಯಲು ಬಿಡಿ. ಹೊಸ ಚಿಗುರು ಬಂದರೆ ಬದುಕಿತು ಅಂತ ಲೆಕ್ಕ.

ಗೊಬ್ಬರದಂಗಡಿ (ಮಂಡ್ಯ)

ಕಂದು ಕಾಳು ಅಂದರೆ ಡಿಎಪಿ ಇರಬೇಕು. 18% ಸಾರಜನಕ, 46% ರಂಜಕ. ಎರಡು ಚಮಚ ಅಂದರೆ ಹೊಲದಲ್ಲಿ ಏನೂ ಅಲ್ಲ. ಅಲ್ಲಿ ಬೇರು ಸುತ್ತಲೂ ಓಡುತ್ತದೆ. ಬ್ಯಾಗಿನಲ್ಲಿ ಎಲ್ಲಿಗೆ ಓಡಬೇಕು?

ನಾನು ಗೊಬ್ಬರ ಮಾರುವವನು, ಆದರೂ ಹೇಳುತ್ತೇನೆ, ಚೀಟಿ ಇಲ್ಲದ ಗೊಬ್ಬರ ತೆಗೆದುಕೊಳ್ಳಬೇಡಿ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಅಂತ ಇದೆ. ಚೀಲದ ಮೇಲೆ ಏನು ಎಷ್ಟಿದೆ ಅಂತ ಅಚ್ಚಾಗಿರಬೇಕು. ಎರೆಗೊಬ್ಬರಕ್ಕೂ ಅದೇ ಆದೇಶದಲ್ಲಿ ಅಳತೆ ಇದೆ, ಸಾರಜನಕ ಕನಿಷ್ಠ 1% ಇರಬೇಕು. ಎಷ್ಟೋ ಜನ ಎರೆಗೊಬ್ಬರ ಅಂತ ಕೆಮ್ಮಣ್ಣು ಸಗಣಿ ಪುಡಿ ಕೊಂಡು ಹೋಗುತ್ತಾರೆ.

ಇನ್ನೊಂದು. ಯೂರಿಯಾ 45 ಕೆಜಿ ಚೀಲ 266 ರೂಪಾಯಿ 50 ಪೈಸೆ, ಅದು ರೈತರಿಗೆ ಸರ್ಕಾರ ಸಬ್ಸಿಡಿ ಕೊಟ್ಟು ಮಾಡಿದ ರೇಟು. ಆಧಾರ್ ಕೇಳುತ್ತೇವೆ, ಮಷೀನಿಗೆ ಬೆರಳು ಒತ್ತಬೇಕು. ನಾಲ್ಕು ಕುಂಡಕ್ಕೆ ಅದು ಬೇಡ. ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ 19%) ಒಂದು ಕೆಜಿ ಪ್ಯಾಕೆಟ್ ಸಿಗುತ್ತದೆ. ವರ್ಷ ಬಂದರೂ ಮುಗಿಯಲ್ಲ. ಬಾಯಿ ಬಿಗಿದು ಇಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೆಲ್ಲದ ಹಾಗೆ ಕರಗಿ ಅಂಟಾಗುತ್ತದೆ.

ಮಲ್ಲಿಗೆ ಚಪ್ಪರ (ಉಡುಪಿ)

ನಮ್ಮಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟಿ ಮಳೆ ಉಂಟು ಮಾರಾಯ್ರೇ. ಜೂನಿನಲ್ಲಿ ಯೂರಿಯಾ ಹಾಕಿದರೆ ಅದು ಗಿಡಕ್ಕಲ್ಲ, ಸಮುದ್ರಕ್ಕೆ. ಹಾಗಾಗಿ ನಮಗೆ ಈ ಚರ್ಚೆಯೇ ಇಲ್ಲ. ಹಟ್ಟಿಗೊಬ್ಬರ, ಸುಡುಮಣ್ಣು, ಬುಡಕ್ಕೆ ತರಗೆಲೆ. ಅಷ್ಟೆ.

ಅಮ್ಮ ಮಲ್ಲಿಗೆಗೆ ನೆಲಗಡಲೆ ಹಿಂಡಿ ನೆನೆಸಿ ಹಾಕುತ್ತಾರೆ. ಮೂರು ದಿನ ನೆನೆದ ಮೇಲೆ ಅದರ ವಾಸನೆ ಎಂತ ಹೇಳುವುದು, ನಿಮ್ಮ ಎರಡನೇ ಮಹಡಿಯವರು ಮನೆಯೇ ಮಾರಿಯಾರು. ಆದರೆ ಹೂ ನೋಡಬೇಕು. ಕಟ್ಟಿದ ಹೂವಿನ ಚೆಂಡಿಗೆ ರೇಟು ಬಂದ ದಿನ ಅಮ್ಮನ ಮುಖವನ್ನೂ ನೋಡಬೇಕು.

ತಿಪ್ಪೆರಾಣಿ

ನೋಡಿ, ಕೆಮಿಕಲ್ ಇಲ್ಲದೆ ಆಗುತ್ತದೆ ಅಂತ ಇವರೂ ಹೇಳಿದರು.

ರಸಾಯನ ಮೇಷ್ಟ್ರು

ಆಗುತ್ತದೆ, ಯಾರು ಇಲ್ಲ ಅಂದರು? ಆದರೆ ಹಿಂಡಿಯೂ ಕಾಂಪೋಸ್ಟ್ ಅಲ್ಲ ತಾಯಿ, ಅದು ಗೊಬ್ಬರ. ಲೆಕ್ಕ ನೋಡಿ. ನೂರು ಗ್ರಾಂ ಯೂರಿಯಾದಲ್ಲಿ 46 ಗ್ರಾಂ ಸಾರಜನಕ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 7. ಬೇವಿನ ಹಿಂಡಿಯಲ್ಲಿ 5ರ ಆಸುಪಾಸು. ಎರೆಗೊಬ್ಬರದಲ್ಲಿ 1ರಿಂದ 1.5. ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ಗ್ರಾಂ. ಅಂದರೆ 10 ಗ್ರಾಂ ಯೂರಿಯಾದಲ್ಲಿರುವ ಸಾರಜನಕಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ಕೊಟ್ಟಿಗೆ ಗೊಬ್ಬರ ಬೇಕು. ಅದೂ ಮೊದಲ ವರ್ಷ ಪೂರ್ತಿ ಕೈಗೆ ಸಿಗುವುದಿಲ್ಲ.

ಹಾಗಂತ ಯೂರಿಯಾ ಗೆದ್ದಿತು ಅಂತ ಅಲ್ಲ. ಗೊಬ್ಬರ ಊಟ, ಕಾಂಪೋಸ್ಟ್ ಮನೆ. ಯೂರಿಯಾ ಮಣ್ಣನ್ನು ಪುಡಿಪುಡಿಯಾಗಿ ಇಡುವುದಿಲ್ಲ, ನೀರು ಹಿಡಿದಿಡುವುದಿಲ್ಲ, ಎರೆಹುಳುವಿಗೆ ಅನ್ನ ಕೊಡುವುದಿಲ್ಲ. ಬರೀ ಊಟ ಹಾಕಿ ಬೀದಿಯಲ್ಲಿ ಮಲಗಿಸಿದರೆ ಎಷ್ಟು ದಿನ? ಬರೀ ಮನೆ ಕೊಟ್ಟು ಉಪವಾಸ ಕೆಡವಿದರೂ ಅಷ್ಟೇ.

ಬೇರಿಗೆ ಮಾತ್ರ ಜಾತಿಭೇದ ಇಲ್ಲ. ಸಗಣಿಯಿಂದ ಬರಲಿ, ಚೀಲದಿಂದ ಬರಲಿ, ಗಿಡ ಹೆಚ್ಚಾಗಿ ಕುಡಿಯುವುದು ಅದೇ ನೈಟ್ರೇಟ್, ಅದೇ ಅಮೋನಿಯಂ.

ತಿಪ್ಪೆರಾಣಿ

ಬೇರಿಗೆ ಭೇದ ಇಲ್ಲ ಸರ್, ಕೈಗೆ ಇದೆ. ಕಾಂಪೋಸ್ಟ್ ಒಂದು ಹಿಡಿ ಜಾಸ್ತಿಯಾದರೆ ಏನೂ ಆಗಲ್ಲ. ಆ ಕಾಳು ಒಂದು ಚಮಚ ಜಾಸ್ತಿಯಾಗಿದ್ದಕ್ಕೆ ಅಕ್ಕನ ಗಿಡ ಸುಟ್ಟಿದೆ. ಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಯಾರು ತೋಟ ಮಾಡುತ್ತಾರೆ? ಜೀವಾಮೃತದ ಬಗ್ಗೆ ನೀವು ಒಂದು ಮಾತೂ ಆಡಲಿಲ್ಲ.

ರಸಾಯನ ಮೇಷ್ಟ್ರು

ಕೈ ಮಾತು ಒಪ್ಪಿದೆ. ಹೊಸಬರಿಗೆ ಕಾಂಪೋಸ್ಟೇ ವಾಸಿ ಅನ್ನುವುದಕ್ಕೆ ಅದೊಂದೇ ಕಾರಣ ಸಾಕು.

ಜೀವಾಮೃತ ಹೆಪ್ಪು ಇದ್ದ ಹಾಗೆ, ಮುಖ್ಯವಾಗಿ ಕೊಡುವುದು ಸೂಕ್ಷ್ಮಜೀವಿಗಳನ್ನು. ಮಣ್ಣಲ್ಲಿ ಸೊಪ್ಪು, ಎಲೆ, ಗೊಬ್ಬರ ಇದ್ದರೆ ಅದಕ್ಕೆ ಕೆಲಸ. ಕೊಕೊಪೀಟಿಗೆ ಹಾಕುವುದು ಹಾಲಿಲ್ಲದ ಪಾತ್ರೆಗೆ ಹೆಪ್ಪು ಹಾಕಿದ ಹಾಗೆ.

ಎರೆಹೊಲ (ಧಾರವಾಡ)

ಕಾಂಪೋಸ್ಟ್ ಜಾಸ್ತಿಯಾದರೆ ಏನೂ ಆಗಲ್ಲ ಅಂದಿರಲ್ಲ ರೀ, ನಮ್ಮ ಕಥೆ ಕೇಳ್ರಿ. ಹಿತ್ತಲಕ್ಕೆ ಅಂತ ಒಂದು ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ಹಾಕಿಸಿದ್ದೆ. ಮ್ಯಾಲೆ ಒಣಗಿತ್ತು, ಒಳಗೆ ಹಸಿ ಸಗಣಿ. ಅದರ ಕೂಡ ಬಂದದ್ದು ಗೊಣ್ಣೆಹುಳು, ಬೆಳ್ಳಗೆ, ಹೆಬ್ಬೆರಳಿನಷ್ಟು ದಪ್ಪ. ಬದನೆ ಗಿಡ ಮುಂಜಾನೆ ಚಲೋ ಇರುತ್ತಿತ್ತು, ಸಂಜೆಗೆ ಬಾಗಿರುತ್ತಿತ್ತು. ಕಿತ್ತು ನೋಡಿದರೆ ಬೇರೇ ಇಲ್ಲ. ಕೋಳಿ ಬಿಟ್ಟು ಆರಿಸಬೇಕಾಯಿತು. ಕೋಳಿಗೆ ಮಾತ್ರ ಭಾಳ ಖುಷಿ.

ನಮ್ಮದು ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಅದಕ್ಕೆ ಕಳಿತ ಗೊಬ್ಬರ ಬೇಕೇ ಬೇಕು, ಇಲ್ಲದಿದ್ದರೆ ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆದರೆ ಕಳಿತಿರಬೇಕು.

ಮೂರನೇ ಮಹಡಿ

ಅಯ್ಯೋ, ನನ್ನ ಮಡಕೆಯಲ್ಲೂ ಹುಳು ಇವೆ! ಚಪ್ಪಟೆ, ಕಂದು ಬಣ್ಣ, ಅಕ್ಕಿ ಕಾಳಿಗಿಂತ ದೊಡ್ಡವು. ಎಲ್ಲಾ ಎಸೆಯಲಾ?

ಗೊಬ್ಬರದಂಗಡಿ

ಅದು ಗೊಣ್ಣೆಹುಳು ಅಲ್ಲಮ್ಮ. ಕಪ್ಪು ಸೈನಿಕ ನೊಣದ ಮರಿ. ಕಸ ತಿನ್ನುತ್ತದೆ, ಗಿಡ ಮುಟ್ಟಲ್ಲ. ತುಂಬಾ ಇದ್ದರೆ ಕಸ ಒದ್ದೆ ಜಾಸ್ತಿ ಅಂತ ಅರ್ಥ, ಒಣಗಿದ ಎಲೆ ಹಾಕಿ. ಗೊಣ್ಣೆಹುಳು ಇಂಗ್ಲಿಷ್ ಸಿ ಅಕ್ಷರದ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಅದು ಕಂಡರೆ ಬಿಡಬೇಡಿ.

ಮೂರನೇ ಮಹಡಿ

ಉಸಿರು ಬಂತು. ಹಾಗಾದರೆ ಕಳಿತಿದೆ ಅಂತ ತಿಳಿಯುವುದು ಹೇಗೆ? ಕಣ್ಣಿಗೆ ಕಪ್ಪೇ ಕಾಣುತ್ತದೆ.

ರಸಾಯನ ಮೇಷ್ಟ್ರು

ಮೂಗಿಗೆ ಕೆಲಸ ಕೊಡಿ. ಮೊದಲ ಮಳೆ ಬಿದ್ದ ನೆಲದ ವಾಸನೆ ಬರಬೇಕು. ಹುಳಿ ವಾಸನೆ, ಕೊಳಚೆ ವಾಸನೆ ಇದ್ದರೆ ಇನ್ನೂ ಸಮಯ ಬೇಕು. ಒಂದು ಹಿಡಿ ತೇವದ ಕಾಂಪೋಸ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮುಖ ಹಿಂದಕ್ಕೆ ಹೋದರೆ ಅದು ಕಳಿತಿಲ್ಲ.

ಇನ್ನೂ ಒಳ್ಳೆಯದು ಮೆಂತ್ಯ ಪರೀಕ್ಷೆ. ಒಂದು ಲೋಟದಲ್ಲಿ ಕಾಂಪೋಸ್ಟ್, ಇನ್ನೊಂದರಲ್ಲಿ ಬರೀ ಮಣ್ಣು. ಎರಡಕ್ಕೂ ಇಪ್ಪತ್ತು ಕಾಳು ಮೆಂತ್ಯ. ವಾರದಲ್ಲಿ ಎರಡೂ ಕಡೆ ಒಂದೇ ಥರ ಮೊಳೆತು ಹಸಿರಾಗಿದ್ದರೆ ಧೈರ್ಯವಾಗಿ ಗಿಡಕ್ಕೆ ಹಾಕಿ. ಕಾಂಪೋಸ್ಟಿನ ಲೋಟದಲ್ಲಿ ಅರ್ಧಕ್ಕೂ ಕಡಿಮೆ ಬಂದರೆ ಕಾಯಿರಿ.

ಕೊಕೊಪೀಟ್ ಬದಲು ರಸ್ತೆ ಬದಿಯ ಒಣಗಿದ ಎಲೆ ಬಳಸಿ. ಬಕೆಟ್ ಲೆಕ್ಕದಲ್ಲಿ ಕಸ ಒಂದು, ಎಲೆ ಎರಡು. ಕಾಫಿ ಚರಟ ದಿನವೂ ಹಾಕಬಹುದು, ಅದರಲ್ಲಿ ಸಾರಜನಕ ಚೆನ್ನಾಗಿದೆ. ತೆಂಗಿನ ಚಿಪ್ಪು ಮಾತ್ರ ಬೇಡ, ಮೊಮ್ಮಕ್ಕಳ ಕಾಲಕ್ಕೂ ಕರಗಲ್ಲ.

ಅಂದಹಾಗೆ, ನೀವು ಬೆಂಗಳೂರಿನವರು ಅಂತ ಹೇಳುತ್ತಿದ್ದೇನೆ. ಪಠ್ಯಪುಸ್ತಕದಲ್ಲಿ 'ಬೆಂಗಳೂರು ವಿಧಾನ' ಅಂತಲೇ ಒಂದು ಕಾಂಪೋಸ್ಟ್ ಪದ್ಧತಿ ಇದೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ್ದು. ಊರಿನ ಕಸ, ಮಲ ಎರಡನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮಣ್ಣು ಮೆತ್ತಿ ಬಿಡುವುದು. ತಿರುವಿ ಹಾಕುವ ಕೆಲಸ ಇಲ್ಲ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಅದಕ್ಕೂ ಮೊದಲು ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ್ದು ತಿರುವಿ ಹಾಕುವ ಪದ್ಧತಿ, ಅದು ಮೂರು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ನೀವು ತಿರುವಿಯೂ ಇಲ್ಲ, ಕಾದೂ ಇಲ್ಲ.

ಮೂರನೇ ಮಹಡಿ

ಮೇಷ್ಟ್ರೇ, ಕಿವಿ ಹಿಂಡಿದ ಹಾಗಾಯಿತು. ಒಪ್ಪಿದೆ.

ಮಲ್ಲಿಗೆ ಚಪ್ಪರ

ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುತ್ತೀರಾ? ಅಮ್ಮ ಹಾಕುತ್ತಾರೆ.

ಗೊಬ್ಬರದಂಗಡಿ

ನಮ್ಮಮ್ಮನೂ ಹಾಕುತ್ತಾರೆ. ಗಿಡ ಚೆನ್ನಾಗಿದೆ. ಮಜ್ಜಿಗೆಯಿಂದಲೋ, ದಿನಾ ಚಿವುಟುವುದರಿಂದಲೋ ಗೊತ್ತಿಲ್ಲ. ತೆಳ್ಳಗೆ ಮಾಡಿ ಹಾಕಿ, ಇರುವೆ ಬರುತ್ತದೆ.

ಮೂರನೇ ಮಹಡಿ (ಹನ್ನೆರಡು ದಿನದ ನಂತರ)

ಸುಟ್ಟ ಎರಡರಲ್ಲಿ ಒಂದು ಹೋಯಿತು. ಇನ್ನೊಂದು ಚಿಗುರಿದೆ. ಮೆಂತ್ಯ ಪರೀಕ್ಷೆ ಮಾಡಿದೆ. ಮಣ್ಣಿನ ಲೋಟದಲ್ಲಿ ಹದಿನೆಂಟು, ನನ್ನ ಹೆಮ್ಮೆಯ ಕಾಂಪೋಸ್ಟಿನಲ್ಲಿ ಐದು. ನಮ್ಮತ್ತೆ ಆ ಹದಿನೆಂಟನ್ನು ಕಿತ್ತು ಸಾರಿಗೆ ಹಾಕಿದರು.

ಮಡಕೆಯಲ್ಲಿದ್ದದ್ದನ್ನೆಲ್ಲ ಗೋಣಿಚೀಲಕ್ಕೆ ಸುರಿದು, ಒಣಗಿದ ಎಲೆ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಮೂಲೆಗಿಟ್ಟಿದ್ದೇನೆ. ವಾರಕ್ಕೊಮ್ಮೆ ತಿರುವುತ್ತೇನೆ. ಹೊಸ ಸಸಿ ಬಂದಿವೆ. ಈಗ ಬ್ಯಾಗಿಗೆ ಏನು ತುಂಬಲಿ?

ರಸಾಯನ ಮೇಷ್ಟ್ರು

ಕೆಂಪು ಮಣ್ಣು, ಕೊಕೊಪೀಟ್, ಕಳಿತ ಗೊಬ್ಬರ ಸಮಸಮ. ತಾರಸಿ ಭಾರ ತಡೆಯುತ್ತದಾ ಮೊದಲು ನೋಡಿಕೊಳ್ಳಿ, ಒದ್ದೆ ಮಣ್ಣು ತುಂಬಾ ತೂಕ. ಬರೀ ಗೊಬ್ಬರ ತುಂಬಬೇಡಿ. ನೀರು ಹಿಡಿದು ಜೌಗಾಗುತ್ತದೆ, ವರ್ಷದಲ್ಲಿ ಕರಗಿ ಬ್ಯಾಗ್ ಅರ್ಧಕ್ಕಿಳಿಯುತ್ತದೆ.

ಒಂದು ಆಟ ಆಡೋಣ. ಒಂದು ಬ್ಯಾಗಿಗೆ ಈ ಮಿಶ್ರಣ, ತಿಂಗಳಿಗೊಂದು ಹಿಡಿ ಎರೆಗೊಬ್ಬರ, ಅಷ್ಟೇ. ಎರಡನೆಯದಕ್ಕೆ ಅದೇ ಮಿಶ್ರಣ, ಜತೆಗೆ ಹದಿನೈದು ದಿನಕ್ಕೊಮ್ಮೆ 19:19:19, ಲೀಟರಿಗೆ 2 ಗ್ರಾಂ ಮಾತ್ರ. ಮೂರನೆಯದಕ್ಕೆ ಬರೀ ಕೊಕೊಪೀಟ್, ಅದೇ 19:19:19. ಗೊಬ್ಬರದ ನೀರನ್ನು ಒಣಗಿದ ಬುಡಕ್ಕೆ ಹಾಕಬೇಡಿ, ಮೊದಲು ಬರೀ ನೀರು ಹಾಕಿ.

ತಿಪ್ಪೆರಾಣಿ

ಮೂರನೆಯದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಮಲಗಿಸಿದ ಹಾಗೆ.

ರಸಾಯನ ಮೇಷ್ಟ್ರು

ಹೌದು, ಅದಕ್ಕೇ ಹೇಳಿದ್ದು. ನೋಡೋಣ.

ಮೂರನೇ ಮಹಡಿ (ಮೂರು ತಿಂಗಳ ನಂತರ)

ಮರೆತಿಲ್ಲ, ಬರೆಯುತ್ತಿದ್ದೇನೆ.

ಮೊದಲು ಹೂ ಬಿಟ್ಟದ್ದು ಎರಡನೇ ಬ್ಯಾಗ್, ಕಾಂಪೋಸ್ಟ್ ಜತೆ ಚಿಟಿಕೆ ಗೊಬ್ಬರ ಹಾಕಿದ್ದು. ಮೂರನೆಯದು, ಬರೀ ಕೊಕೊಪೀಟ್, ಮೊದಮೊದಲು ಎಲ್ಲಕ್ಕಿಂತ ಜೋರಾಗಿ ಎದ್ದಿತು. ಎಲೆ ದಟ್ಟ ಹಸಿರು, ಹೂ ಕಡಿಮೆ, ಚಿಗುರಿಗೆ ಗಿಡಹೇನು. ನಡುವೆ ಮದುವೆ ಅಂತ ನಾಲ್ಕು ದಿನ ಊರಿಗೆ ಹೋಗಿದ್ದೆವು. ಪಕ್ಕದ ಮನೆ ಹುಡುಗ ಎರಡು ದಿನ ನೀರು ಹಾಕಿದ, ಎರಡು ದಿನ ಮರೆತ. ಬಂದು ನೋಡಿದರೆ ಮೂರನೆಯದು ಮಲಗಿತ್ತು. ಆಮೇಲೆ ಎದ್ದಿತು, ಆದರೆ ಇದ್ದ ಹೂವೂ ಉದುರಿತು. ಮಿಶ್ರಣದ ಎರಡೂ ಬ್ಯಾಗಿಗೆ ಏನೂ ಆಗಿರಲಿಲ್ಲ. ಬೆರಳಿಟ್ಟರೆ ಒಳಗೆ ಇನ್ನೂ ತಂಪು.

19:19:19 ಹಾಕದ ಮೊದಲನೇ ಬ್ಯಾಗ್ ತಡ ಮಾಡಿತು, ಸುಮಾರು ಎರಡು ವಾರ. ಈಗ ಬಿಡುತ್ತಿದೆ, ನಿಲ್ಲಿಸುತ್ತಿಲ್ಲ.

ಒಂದು ತೊಂದರೆ. ಊರಿಂದ ಬಂದ ಮೇಲೆ ಎರಡನೇ ಬ್ಯಾಗಿನ ಕೆಲವು ಕಾಯಿಗಳ ತಳ ಕಪ್ಪಾಗಿ ಒಳಕ್ಕೆ ಕುಸಿದಿದೆ. ಮೊಟ್ಟೆ ಚಿಪ್ಪು ಹಾಕಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಗೊಬ್ಬರದಂಗಡಿ

ಸುಣ್ಣದಂಶ ಕಾಯಿಗೆ ಮುಟ್ಟಿಲ್ಲ. ಮಣ್ಣಲ್ಲಿ ಇಲ್ಲ ಅಂತ ಅಲ್ಲ, ನೀರು ಒಂದು ದಿನ ಜಾಸ್ತಿ ಒಂದು ದಿನ ಇಲ್ಲ ಅಂತಾದರೆ ಸಾಗುವುದಿಲ್ಲ. ಮೊಟ್ಟೆ ಚಿಪ್ಪು ಕರಗುವ ಹೊತ್ತಿಗೆ ಗಿಡದ ಆಯಸ್ಸೇ ಮುಗಿದಿರುತ್ತದೆ. ಆ ಕಾಯಿ ಕಿತ್ತುಹಾಕಿ, ಬುಡಕ್ಕೆ ಒಣ ಎಲೆ ಮುಚ್ಚಿ, ದಿನಾ ಒಂದೇ ಅಳತೆ ನೀರು ಕೊಡಿ.

ತಿಪ್ಪೆರಾಣಿ

ರುಚಿ ಹೇಳಿ ಅಕ್ಕಾ. ಯಾವುದು ಚೆನ್ನಾಗಿತ್ತು?

ಮೂರನೇ ಮಹಡಿ

ನಿಮಗೆ ಖುಷಿಯಾಗಲಿ ಅಂತ ಮೊದಲನೆಯದು ಅನ್ನಬಹುದಿತ್ತು. ನಿಜ ಹೇಳಬೇಕೆಂದರೆ ಕಣ್ಣು ಮುಚ್ಚಿ ತಿಂದಾಗ ನನಗೆ ಒಂದು ಎರಡಕ್ಕೆ ವ್ಯತ್ಯಾಸ ಗೊತ್ತಾಗಲಿಲ್ಲ. ಮೂರನೆಯದು ಸಪ್ಪೆ. ನಮ್ಮತ್ತೆ ಮಾತ್ರ ಮೊದಲನೆಯದೇ ಅಂತ ಪಟ್ಟು ಹಿಡಿದಿದ್ದಾರೆ, ಅವರಿಗೆ ಕಣ್ಣು ಮುಚ್ಚಿಸಲು ಆಗಲಿಲ್ಲ.

ಗೋಣಿಚೀಲ ನೆನ್ನೆ ಬಿಚ್ಚಿದೆ. ಮಳೆ ವಾಸನೆ. ಮೆಂತ್ಯ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದಿದೆ. ಈ ಸಲ ಎಲ್ಲಾ ಬ್ಯಾಗಿಗೂ ಎರಡನೇ ಲೆಕ್ಕ, ಆದರೆ 2 ಗ್ರಾಂ ಬದಲು 1 ಗ್ರಾಂ ಹಾಕಿ ನೋಡುತ್ತೇನೆ. ಯಜಮಾನರು ಚಿನ್ನ ತೂಗುವಂಥ ಸಣ್ಣ ತಕ್ಕಡಿ ತಂದುಕೊಟ್ಟಿದ್ದಾರೆ. ಕ್ರೇಟಿನ ಮಾತು ಎತ್ತಿಲ್ಲ.